ಗೇಟಿನ ಪಕ್ಕದ ಖಾಲಿ ಕುರ್ಚಿ: ಅಪಾರ್ಟ್‌ಮೆಂಟ್‌ಗೂ ಬಾರ್‌ಗೂ ಕಾವಲು ಹೇಗಿರಬೇಕು

ಕಳ್ಳರು ಬಂದಿದ್ದು ರಾತ್ರಿ ಅಲ್ಲ, ಮಧ್ಯಾಹ್ನ 2:40ಕ್ಕೆ. ಗೋಡೆ ಹಾರಲಿಲ್ಲ, ಕಿಟಕಿ ಮುರಿಯಲಿಲ್ಲ. ತೆರೆದಿದ್ದ ಗೇಟಿನಲ್ಲಿ ಆರಾಮಾಗಿ ನಡೆದು ಬಂದು, ಮೆಟ್ಟಿಲು ಹತ್ತಿ, ಕೆಲಸ ಮುಗಿಸಿಕೊಂಡು ಬಂದ ದಾರಿಯಲ್ಲೇ ಹೋದರು.

ನಮ್ಮದು ದಾವಣಗೆರೆಯ ಹದಡಿ ರಸ್ತೆಯಿಂದ ಸ್ವಲ್ಪ ಒಳಗಿರುವ 24 ಮನೆಗಳ ಅಪಾರ್ಟ್‌ಮೆಂಟ್. ಮೂರನೇ ಮಹಡಿಯವರು ಮದುವೆಗೆ ಅಂತ ಒಂಬತ್ತು ದಿನ ಊರಿಗೆ ಹೋಗಿದ್ದರು. ಎದುರು ಮನೆ ಬಾಡಿಗೆಗೆ ಖಾಲಿ ಇತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರು ವಾಪಸ್ ಬಂದು ನೋಡಿದರೆ ಬೀಗ ಹಾಕಿದ ಹಾಗೇ ಇದೆ, ಆದರೆ ಚಿಲಕದ ಪಟ್ಟಿ ನಾಲ್ಕು ಸ್ಕ್ರೂ ಸಮೇತ ಬಾಗಿಲಿನಿಂದ ಕಿತ್ತು ಬಂದಿದೆ. ಬೀಗ ಗಟ್ಟಿ ಇತ್ತು, ಅದನ್ನು ಹಿಡಿದುಕೊಂಡಿದ್ದ ಸ್ಕ್ರೂ ಮುಕ್ಕಾಲು ಇಂಚಿನದು.

ಪೊಲೀಸರು ಮೊದಲು ಕೇಳಿದ್ದು ಫೂಟೇಜ್. ನಮ್ಮಲ್ಲಿ ಎಂಟು ಕ್ಯಾಮೆರಾ ಇದೆ ಸಾರ್ ಅಂತ ನಾನೇ, ಸಂಘದ ಕಾರ್ಯದರ್ಶಿ ಅನ್ನುವ ಜಂಬದಲ್ಲಿ, ಮುಂದೆ ಹೋಗಿ ಡಿವಿಆರ್ (ಕ್ಯಾಮೆರಾದ ದೃಶ್ಯ ರೆಕಾರ್ಡ್ ಆಗುವ ಪೆಟ್ಟಿಗೆ) ಆನ್ ಮಾಡಿ ಕೂತೆ. ಹಿಂದಕ್ಕೆ ಹೋದೆ. ಇನ್ನೂ ಹಿಂದಕ್ಕೆ. ಆರು ದಿನಕ್ಕಿಂತ ಹಳೆಯದು ಏನೂ ಇಲ್ಲ, ಎಲ್ಲ ಅಳಿಸಿ ಅದರ ಮೇಲೇ ಹೊಸದು ರೆಕಾರ್ಡ್ ಆಗಿದೆ. ಕೊನೆಗೆ ಸಹಾಯಕ್ಕೆ ಬಂದಿದ್ದು ಎದುರಿನ ಬೇಕರಿಯ ಒಂದೇ ಒಂದು ಕ್ಯಾಮೆರಾ. ಅದರಲ್ಲಿ ಪ್ಲಂಬರ್ ಚೀಲ ಹಿಡಿದ ಇಬ್ಬರು ನಮ್ಮ ಗೇಟಿನೊಳಗೆ ಹೋಗುವುದು ಕಾಣುತ್ತದೆ. ಪಕ್ಕದಲ್ಲಿ ವಾಚ್‌ಮನ್ ಕುರ್ಚಿ ಖಾಲಿ. ಅವನು ಊಟಕ್ಕೆ ಹೋಗಿದ್ದ. ಅದು ಅವನ ತಪ್ಪಲ್ಲ, ಮನುಷ್ಯ ಅಂದ ಮೇಲೆ ಊಟ ಮಾಡಬೇಕಲ್ವಾ.

ಆಮೇಲೆ ಒಂದು ವರ್ಷ ನಾವು ಏನೇನು ಬದಲಾಯಿಸಿದೆವು, ಏನು ಸುಮ್ನೆ ದುಡ್ಡು ದಂಡ ಆಯಿತು, ಪಕ್ಕದ ರಸ್ತೆಯಲ್ಲಿ ಬಾರ್ ನಡೆಸುವ ಗೆಳೆಯರೊಬ್ಬರಿಂದ ಏನು ಕಲಿತೆ, ಎಲ್ಲ ಇಲ್ಲಿದೆ. ನಿಮ್ಮ ಕಟ್ಟಡಕ್ಕೆ ಎಷ್ಟು ಬೇಕೋ ಅಷ್ಟು ತಗೊಳ್ಳಿ.

ಮೊದಲು ಒಂದು ಸುತ್ತು ಹಾಕಿ, ಏನೂ ಕೊಳ್ಳಬೇಡಿ

ಕಳ್ಳತನ ಆದ ಮರುದಿನವೇ ಎಲ್ಲರೂ ಹೇಳುವುದು "ಇನ್ನೂ ನಾಲ್ಕು ಕ್ಯಾಮೆರಾ ಹಾಕಿಸೋಣ" ಅಂತ. ತಡೆಯಿರಿ. ಮೊದಲು ಇಬ್ಬರು ಸೇರಿ ಕಟ್ಟಡದ ಸುತ್ತ ಎರಡು ಸಲ ನಡೆಯಿರಿ, ಮಧ್ಯಾಹ್ನ ಮೂರಕ್ಕೆ ಒಂದು ಸಲ, ರಾತ್ರಿ ಹನ್ನೊಂದಕ್ಕೆ ಒಂದು ಸಲ. ಕೈಯಲ್ಲಿ ಪೆನ್ನು, ಪೇಪರ್ ಇರಲಿ. ನಿಮ್ಮ ತಲೆಯಲ್ಲಿ ಒಂದೇ ಪ್ರಶ್ನೆ: ನನ್ನ ಹತ್ತಿರ ಕೀ ಇಲ್ಲ, ನಾನು ಒಳಗೆ ಹೇಗೆ ಹೋಗಲಿ?

ನಮ್ಮ ಸುತ್ತಿನಲ್ಲಿ ಸಿಕ್ಕಿದ್ದು ಕೇಳಿ. ಹಿಂದುಗಡೆ ಕಾಂಪೌಂಡಿಗೆ ಒರಗಿಸಿಟ್ಟ ಹಳೇ ಸಿಂಟೆಕ್ಸ್ ಟ್ಯಾಂಕ್, ಅದರ ಮೇಲೆ ಹತ್ತಿದರೆ ಒಂದನೇ ಮಹಡಿಯ ಬಾಲ್ಕನಿ ಕೈಗೆ ಸಿಗುತ್ತದೆ. ಅಡುಗೆಮನೆ ಪಕ್ಕದ ಯುಟಿಲಿಟಿಗೆ ಆರು ಮನೆಯವರು ಗ್ರಿಲ್ ಹಾಕಿಸಿಲ್ಲ, ಪಕ್ಕದಲ್ಲೇ ಡ್ರೈನೇಜ್ ಪೈಪ್ ಏಣಿಯ ಹಾಗೆ ನಿಂತಿದೆ. ಪಕ್ಕದ ಕಟ್ಟಡದ ಟೆರೇಸ್‌ಗೂ ನಮ್ಮದಕ್ಕೂ ಮಧ್ಯೆ ನಾಲ್ಕೇ ಅಡಿ. ಜನರೇಟರ್ ಹಿಂದಿನ ಬಲ್ಬು ಯಾವಾಗ ಹೋಯಿತು ಅಂತ ಯಾರಿಗೂ ನೆನಪಿಲ್ಲ. ಎಲ್ಲಕ್ಕಿಂತ ನಗು ಬಂದಿದ್ದು ಮೀಟರ್ ಬೋರ್ಡಿನ ಪೆಟ್ಟಿಗೆ ತೆಗೆದಾಗ: ಒಳಗೆ ಐದು ಮನೆಗಳ ಕೀ, ಸಾಲಾಗಿ, ಒಂದಕ್ಕೆ ಮನೆ ನಂಬರ್ ಬರೆದ ಚೀಟಿ ಬೇರೆ.

ಟ್ಯಾಂಕ್ ಸರಿಸುವುದಕ್ಕೆ, ಬಲ್ಬು ಹಾಕುವುದಕ್ಕೆ, ಕೀ ತೆಗೆಸುವುದಕ್ಕೆ ಒಂದು ಸಂಜೆ ಸಾಕಾಯಿತು. ಬಲ್ಬಿನ ಖರ್ಚು ಬಿಟ್ಟರೆ ಬೇರೇನೂ ಇಲ್ಲ. ಕ್ಯಾಮೆರಾ ಯಾವತ್ತೂ ಮಾಡದ ಕೆಲಸ ಇದು.

ಕೀ ಬಗ್ಗೆ ಇನ್ನೊಂದು ಮಾತು. ಚಪ್ಪಲಿ ಸ್ಟ್ಯಾಂಡಿನ ಶೂ ಒಳಗೆ, ತುಳಸಿ ಕುಂಡದ ಕೆಳಗೆ, ಬಾಗಿಲ ಮೇಲಿನ ಪಟ್ಟಿಯಲ್ಲಿ ನೀವು ಇಟ್ಟಿರುವ ಕೀ ನಿಮ್ಮ ಅತ್ತೆಗೆ ಸಿಗುತ್ತದೆ ಅಂದರೆ ಕಳ್ಳನಿಗೂ ಸಿಗುತ್ತದೆ. ಪಕ್ಕದ ಮನೆಯಲ್ಲಿ ಕೊಡಿ. ಪಕ್ಕದವರ ಜೊತೆ ಮಾತಿಲ್ಲ ಅಂದರೆ ಅದನ್ನೇ ಮೊದಲು ಸರಿ ಮಾಡಿಕೊಳ್ಳಿ.

ಬಾಗಿಲು

ಹೊರಗಡೆ ನೇತಾಡುವ ಬೀಗ ಎಂದರೆ "ಮನೆಯಲ್ಲಿ ಯಾರೂ ಇಲ್ಲ" ಅನ್ನುವ ಬೋರ್ಡು. ಬಾಗಿಲಿನೊಳಗೇ ಕೂರುವ ಲಾಕ್ ಹಾಕಿಸಿದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಲಾಕ್ ಕೊಳ್ಳುವಾಗ ಬ್ರಾಂಡ್ ನೋಡುವುದಕ್ಕಿಂತ ಎರಡು ವಿಷಯ ನೋಡಿ. ಕೀ ತಿರುಗಿಸಿದಾಗ ಹೊರಬರುವ ಬೋಲ್ಟ್ ಚೌಕಟ್ಟಿನೊಳಗೆ ಎಷ್ಟು ಆಳ ಹೋಗುತ್ತದೆ, ಮತ್ತು ಆ ಕಡೆ ಅದನ್ನು ಹಿಡಿಯುವ ತಗಡಿಗೆ ಎಷ್ಟು ಉದ್ದದ ಸ್ಕ್ರೂ ಹಾಕಿದ್ದಾರೆ. ಬಡಗಿಯನ್ನು ಕರೆಸಿ ಸಣ್ಣ ಸ್ಕ್ರೂ ತೆಗೆಸಿ, ಮರದೊಳಗೆ ಆಳಕ್ಕೆ ಹೋಗುವ ಎರಡೂವರೆ, ಮೂರು ಇಂಚಿನದು ಹಾಕಿಸಿ. ಹಳೇ ಚಿಲಕವೇ ಇರಲಿ ಅಂದರೆ ಸ್ಕ್ರೂ ಬದಲು ಬಾಗಿಲಿನ ಆಚೆಗೆ ಹಾಯುವ ಬೋಲ್ಟ್ ಹಾಕಿಸಿ, ನಟ್ಟು ಒಳಗಡೆ ಬರಲಿ.

ಹೊರಗಿನ ಕಬ್ಬಿಣದ ಗ್ರಿಲ್ ಬಾಗಿಲು ಇದ್ದರೆ ತುಂಬಾ ಒಳ್ಳೆಯದು. ಆದರೆ ಕಿಟಕಿಗೆಲ್ಲ ಬೆಸುಗೆ ಹಾಕಿದ ಗ್ರಿಲ್ ಮಾಡಿಸುವವರು ಒಂದನ್ನಾದರೂ ಒಳಗಿನಿಂದ ತೆಗೆಯುವ ಹಾಗೆ ಮಾಡಿಸಿ. ಬೆಂಕಿ ಬಿದ್ದರೆ ನೀವೂ ಹೊರಗೆ ಬರಬೇಕಲ್ಲ.

ಟೆರೇಸ್ ಬಾಗಿಲಿನ ಗಲಾಟೆ ಎಲ್ಲ ಕಟ್ಟಡದಲ್ಲೂ ಇದ್ದದ್ದೇ. ಬೀಗ ಹಾಕಿದರೆ ಬೆಂಕಿಯ ಭಯ, ಹಾಕದಿದ್ದರೆ ಕಳ್ಳರ ಭಯ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಬಿದ್ದಿತ್ತು ಅನ್ನುವುದು ಆಗ ಊರಿಗೆಲ್ಲ ಗೊತ್ತಾದ ವಿಷಯ. ಹಾಗಾಗಿ ಟೆರೇಸಿಗೆ ಬೀಗ ಬೇಡ. ಒಳಗಿನಿಂದ ಯಾರು ಬೇಕಾದರೂ ತೆಗೆಯುವ, ಹೊರಗಿನಿಂದ ತೆಗೆಯಲಾಗದ ಬೋಲ್ಟ್ ಹಾಕಿಸಿ. ತಳ್ಳಿದರೆ ತೆರೆದುಕೊಳ್ಳುವ ಪುಶ್ ಬಾರ್ ಸಿಗುತ್ತದೆ, ಅದಾದರೆ ಇನ್ನೂ ಒಳ್ಳೆಯದು. ಬಾಗಿಲು ತೆರೆದರೆ ಕಿರುಚುವ ಸಣ್ಣ ಬ್ಯಾಟರಿ ಅಲಾರಂ ಕೆಲವು ನೂರು ರೂಪಾಯಿಗೆ ಬರುತ್ತದೆ, ನಾವು ಹಾಕಿದ್ದು ಅದನ್ನೇ. ಮೊದಲ ತಿಂಗಳು ಹಪ್ಪಳ ಒಣಗಿಸಲು ಹೋದವರೆಲ್ಲ ಬೈದುಕೊಂಡರು. ಈಗ ಅಭ್ಯಾಸ ಆಗಿದೆ.

ವಾಚ್‌ಮನ್: ಇಲ್ಲೇ ಎಲ್ಲ ಕಟ್ಟಡಗಳೂ ಎಡವುವುದು

ಚಿತ್ರದುರ್ಗದ ಓಬವ್ವನ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎಲ್ಲರೂ ಒನಕೆ ನೆನಪಿಟ್ಟುಕೊಳ್ಳುತ್ತಾರೆ, ಕಿಂಡಿ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಈಗೀಗ ನೆನಪಾಗುವುದು ಅವಳ ಗಂಡ. ಕಾವಲುಗಾರ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋದಾಗ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದರು ಅನ್ನುತ್ತದೆ ಕಥೆ. ಏಳು ಸುತ್ತಿನ ಕೋಟೆಗೇ ಕಾವಲುಗಾರನ ಊಟದ ಹೊತ್ತು ಕಂಟಕ ತಂದಿತ್ತು ಅಂದರೆ 24 ಮನೆಯ ಅಪಾರ್ಟ್‌ಮೆಂಟ್ ಯಾವ ಲೆಕ್ಕ. ಮತ್ತೆ ನಮ್ಮಲ್ಲಿ ಓಬವ್ವನೂ ಇರಲಿಲ್ಲ, ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿದ್ದೆವು.

ಆದ್ದರಿಂದ ಒಂದೇ ನಿಯಮ ಇಟ್ಟುಕೊಳ್ಳಿ: ಕುರ್ಚಿ ಖಾಲಿ ಆದರೆ ಗೇಟ್ ಮುಚ್ಚಿರಬೇಕು. ಊಟ, ಮೂತ್ರ, ಮೋಟಾರ್ ಹಾಕುವುದು, ಯಾರದ್ದೋ ಅಕ್ಕಿ ಚೀಲ ಮೇಲಕ್ಕೆ ಹೊತ್ತುಕೊಂಡು ಹೋಗುವುದು, ಕಾರಣ ಏನೇ ಇರಲಿ. ನಾವು ದೊಡ್ಡ ಗೇಟಿಗೆ ಒಳಗಿನಿಂದ ಚಿಲಕ, ಸಣ್ಣ ಗೇಟಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ, ಪಕ್ಕದಲ್ಲಿ ಕಾಲಿಂಗ್ ಬೆಲ್ ಇಟ್ಟೆವು. ನಿವಾಸಿಗಳ ಹತ್ತಿರ ಸಣ್ಣ ಗೇಟಿನ ಕೀ ಇದೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ನಿವೃತ್ತ ಮೇಷ್ಟ್ರೊಬ್ಬರು ಪೇಪರ್ ಹಿಡಿದು ಕೆಳಗೆ ಕೂರುತ್ತಾರೆ. ಅವರಿಗೆ ಹೇಗೂ ಆ ಹೊತ್ತಿಗೆ ನಿದ್ದೆ ಬರುವುದಿಲ್ಲವಂತೆ.

ಏಜೆನ್ಸಿಯಿಂದ ಸೆಕ್ಯುರಿಟಿ ತಗೊಳ್ಳುವವರು ಒಂದು ಕಾಗದ ಕೇಳಲೇಬೇಕು. ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಅಂತ 2005ರಲ್ಲೇ ಬಂದಿದೆ, ಅದರ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಇರಬೇಕು. ಗಾರ್ಡ್ ವಯಸ್ಸು 18ರಿಂದ 65ರ ಒಳಗಿರಬೇಕು, ಅವನ ನಡತೆ ಬಗ್ಗೆ ಪೊಲೀಸ್ ಪರಿಶೀಲನೆ ಆಗಿರಬೇಕು, ಫೋಟೋ ಇರುವ ಗುರುತಿನ ಚೀಟಿ ಇರಬೇಕು. ಕೇಂದ್ರದ ಮಾದರಿ ನಿಯಮದಲ್ಲಿ ತರಬೇತಿಯ ಲೆಕ್ಕವೂ ಇದೆ: 100 ಗಂಟೆ ತರಗತಿ, 60 ಗಂಟೆ ಕ್ಷೇತ್ರದಲ್ಲಿ. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ ಇದು ಕಡಿಮೆ. ನಮಗೆ ಹಿಂದೆ ಜನ ಕೊಡುತ್ತಿದ್ದ ಏಜೆನ್ಸಿಯವರ ಹತ್ತಿರ ಲೈಸೆನ್ಸ್ ಕೇಳಿದಾಗ ಎರಡು ವಾರ ನಾಳೆ ಬಾ ಅಂದರು, ಮೂರನೇ ವಾರ ಫೋನ್ ಎತ್ತಲಿಲ್ಲ. ಉತ್ತರ ಅಲ್ಲೇ ಸಿಕ್ಕಿತಲ್ವಾ.

ಇನ್ನು ಒಬ್ಬನೇ ಮನುಷ್ಯನನ್ನು ಹಗಲೂ ರಾತ್ರಿ ಇಟ್ಟುಕೊಂಡು, ಮೆಟ್ಟಿಲ ಕೆಳಗೆ ಮಲಗಲು ಜಾಗ ಕೊಟ್ಟು, "ಸೆಕ್ಯುರಿಟಿ ಇದೆ" ಅಂತ ಹೇಳಿಕೊಳ್ಳುವ ಕಟ್ಟಡಗಳು ನಮ್ಮೂರಲ್ಲಿ ಜಾಸ್ತಿ. ಅದು ಕಾವಲು ಅಲ್ಲ. 12 ಗಂಟೆಯ ಎರಡು ಪಾಳಿಗೆ ಇಬ್ಬರು, ವಾರದ ರಜೆಗೆ ಮೂರನೆಯವನೊಬ್ಬ, ಇದು ಕನಿಷ್ಠ. ಅಷ್ಟು ದುಡ್ಡಿಲ್ಲ ಅಂದರೆ ರಾತ್ರಿ ಪಾಳಿಗೆ ಮಾತ್ರ ಜನ ಇಟ್ಟು ಹಗಲು ಗೇಟ್ ಲಾಕ್ ಮಾಡಿ, ಅದೇ ವಾಸಿ. ಒಂದು ಫ್ಯಾನ್, ಕುಡಿಯುವ ನೀರು, ಶೌಚಾಲಯ ಕೊಡಿ. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ತಗಡಿನ ಗೂಡಿನಲ್ಲಿ ಕೂತವನಿಗೆ ನಿದ್ದೆ ಬರದೆ ಇನ್ನೇನು ಬರುತ್ತದೆ.

ಕ್ಯಾಮೆರಾ: ಲೆಕ್ಕ ಹಾಕಿ ಹಾಕಿಸಿ

ನಮ್ಮ ಡಿವಿಆರ್ ಯಾಕೆ ಆರೇ ದಿನಕ್ಕೆ ತುಂಬಿ ಹೋಯಿತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಬರೆಯುತ್ತದೆ ಅಂದುಕೊಳ್ಳಿ. ದಿನಕ್ಕೆ ಒಂದು ಕ್ಯಾಮೆರಾಗೆ 21.6 ಜಿಬಿ. ಎಂಟಕ್ಕೆ 173 ಜಿಬಿ ಹತ್ತಿರ. ನಮಗೆ ಹಾಕಿಕೊಟ್ಟಿದ್ದ ಹಾರ್ಡ್ ಡಿಸ್ಕ್ 1 ಟಿಬಿ, ಅಂದರೆ ಸಾವಿರ ಜಿಬಿ. ಆರು ದಿನ ಕೂಡ ಪೂರ್ತಿ ಬರುವುದಿಲ್ಲ! 30 ದಿನ ಉಳಿಯಬೇಕು ಅಂದರೆ 6 ಟಿಬಿ ಬೇಕು, ಇಲ್ಲವೇ ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವ ಹಾಗೆ ಸೆಟ್ಟಿಂಗ್ ಮಾಡಬೇಕು. ಹಾಕಿಕೊಟ್ಟವನು ಇದನ್ನು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಎರಡನೇ ತಪ್ಪು ಎತ್ತರ. ಕದ್ದುಕೊಂಡು ಹೋಗುತ್ತಾರೆ ಅನ್ನುವ ಭಯಕ್ಕೆ ಎಲ್ಲ ಕ್ಯಾಮೆರಾನೂ ಹನ್ನೆರಡು ಅಡಿ ಮೇಲೆ ಕೂರಿಸುತ್ತಾರೆ. ಕಾಣುವುದು ಟೋಪಿ, ಹೆಲ್ಮೆಟ್, ಬೋಳುತಲೆ ಅಷ್ಟೇ. ಗೇಟಿನಲ್ಲಿ ಒಂದಾದರೂ ಕ್ಯಾಮೆರಾ ಏಳೆಂಟು ಅಡಿ ಎತ್ತರದಲ್ಲಿ, ಬರುವವನ ಮುಖಕ್ಕೆ ನೇರವಾಗಿ ಇರಲಿ. ಮುಖ ಗುರುತು ಹಿಡಿಯಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನುವುದು ಈ ಕೆಲಸದವರ ಲೆಕ್ಕ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 1920 ಪಿಕ್ಸೆಲ್. ಅಂದರೆ ಅದು ನೋಡುವ ಜಾಗ ಏಳೂವರೆ ಮೀಟರ್‌ಗಿಂತ ಅಗಲ ಆದರೆ ಮುಖ ಬರೀ ಮಸಿ. ಇಡೀ ಪಾರ್ಕಿಂಗ್ ಒಂದರಲ್ಲೇ ಬರಲಿ ಅನ್ನುವ ಆಸೆ ಬಿಡಿ. ಬೀದಿ ದೀಪ, ವಾಹನದ ಹೆಡ್‌ಲೈಟ್ ನೇರ ಕ್ಯಾಮೆರಾಗೆ ಹೊಡೆಯುತ್ತಿದೆಯಾ ಅಂತ ರಾತ್ರಿ ಒಮ್ಮೆ ಮೊಬೈಲಿನಲ್ಲಿ ನೋಡಿ.

ಮೂರನೆಯದು, ಡಿವಿಆರ್ ಇಡುವ ಜಾಗ. 2024ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕ್ ಕಳ್ಳತನ ಆಯಿತಲ್ಲ, 17.7 ಕೆಜಿ ಚಿನ್ನ ಹೋಗಿದ್ದು. ಕಿಟಕಿಯ ಸರಳು ತೆಗೆದು ಒಳಗೆ ಇಳಿದವರು ಗ್ಯಾಸ್ ಕಟರ್ ಬಳಸಿದ್ದರು, ಪೊಲೀಸ್ ನಾಯಿಗೆ ವಾಸನೆ ಸಿಗಬಾರದು ಅಂತ ಖಾರದ ಪುಡಿ ಚೆಲ್ಲಿದ್ದರು, ಹೋಗುವಾಗ ಡಿವಿಆರ್ ಕೂಡ ಹೊತ್ತುಕೊಂಡು ಹೋಗಿದ್ದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ 2025ರ ಮಾರ್ಚ್‌ನಲ್ಲಿ ಕೇಸ್ ಬಿಡಿಸಿದಾಗ ಆ ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯಲ್ಲಿ. ನಮ್ಮ ಡಿವಿಆರ್ ಇದ್ದಿದ್ದು ವಾಚ್‌ಮನ್ ಗೂಡಿನಲ್ಲಿ, ಟೇಬಲ್ ಮೇಲೆ, ಪಕ್ಕದಲ್ಲಿ ಟೀ ಫ್ಲಾಸ್ಕು. ಈಗ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಯಲ್ಲಿ, ಎರಡನೇ ಮಹಡಿಯಲ್ಲಿದೆ. ಗೇಟ್ ಕ್ಯಾಮೆರಾ ಒಂದರ ರೆಕಾರ್ಡಿಂಗ್ ಇಂಟರ್‌ನೆಟ್‌ನಲ್ಲಿ ಬೇರೆ ಉಳಿಯುತ್ತದೆ.

ಕರೆಂಟ್ ಹೋದರೆ ಕ್ಯಾಮೆರಾ, ರೂಟರ್ ಎರಡೂ ಸಾಯುತ್ತವೆ, ಸಣ್ಣ ಯುಪಿಎಸ್ ಹಾಕಿ. ಡಬ್ಬಿಯಲ್ಲಿ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ, ಇಲ್ಲದಿದ್ದರೆ ನಿಮ್ಮ ಗೇಟನ್ನು ನಿಮಗಿಂತ ಮೊದಲು ಯಾರೋ ನೋಡುತ್ತಿರುತ್ತಾರೆ. ಯಾರ ಮನೆಯ ಬಾಗಿಲೊಳಗೂ ಕ್ಯಾಮೆರಾ ಇಣುಕದಿರಲಿ.

ಬಂದು ಹೋಗುವವರು

ರಿಜಿಸ್ಟರ್ ಪುಸ್ತಕದಲ್ಲಿ "ರಮೇಶ, ಕೆಲಸ" ಅಂತ ಬರೆಸಿಕೊಳ್ಳುವುದರಿಂದ ಏನೂ ಉಪಯೋಗ ಇಲ್ಲ. ವಾಚ್‌ಮನ್ ಆ ಮನೆಗೆ ಫೋನ್ ಮಾಡಿ "ಯಾರೋ ಬಂದಿದ್ದಾರೆ, ಕಳಿಸಲಾ?" ಅಂತ ಕೇಳುವುದೇ ನಿಜವಾದ ತಪಾಸಣೆ. ಆ್ಯಪ್ ಇದ್ದರೆ ಸರಿ, ಇಲ್ಲದಿದ್ದರೆ ಸಾದಾ ಇಂಟರ್‌ಕಾಮ್ ಸಾಕು. ಮನೆಯಲ್ಲಿ ಯಾರೂ ಎತ್ತಲಿಲ್ಲ ಅಂದರೆ ಒಳಗೆ ಬಿಡಬಾರದು. ನಮ್ಮ ಕಟ್ಟಡದ ಆ ಇಬ್ಬರು "ಪ್ಲಂಬರ್"ಗಳಿಗೆ ಈ ಒಂದು ಪ್ರಶ್ನೆ ಸಾಕಾಗಿತ್ತು.

ಬೆಸ್ಕಾಂನಿಂದ ಬಂದಿದ್ದೇವೆ, ಗ್ಯಾಸ್ ಪೈಪ್ ಚೆಕ್ ಮಾಡಬೇಕು, ಬಂಗಾರ ಪಾಲಿಶ್ ಮಾಡಿಕೊಡುತ್ತೇವೆ ಅಂತ ಬರುವವರ ಬಗ್ಗೆ ಮನೆಯಲ್ಲಿರುವ ಹಿರಿಯರಿಗೆ ಕೂತು ಹೇಳಿ. ವಾಟ್ಸ್ಆ್ಯಪ್ ಫಾರ್ವರ್ಡ್ ಸಾಲದು. ಬೆಸ್ಕಾಂ ಮೀಟರ್ ಕೆಳಗಿದೆ, ಅವರಿಗೆ ಮನೆಯೊಳಗೆ ಕೆಲಸ ಇಲ್ಲ. ಬಂಗಾರ ಪಾಲಿಶ್ ಅನ್ನುವವನಿಗೆ ಬಾಗಿಲೇ ತೆಗೆಯಬೇಡಿ. ಬೆಳಿಗ್ಗೆ ಗೇಟಿನ ಹೊರಗೆ ರಂಗೋಲಿ ಹಾಕುವಾಗ ಬೈಕಿನಲ್ಲಿ ವಿಳಾಸ ಕೇಳುವ ನೆಪದಲ್ಲಿ ಸರ ಕಿತ್ತುಕೊಂಡು ಹೋಗುವುದೂ ಹಳೇ ಕಸುಬು. ಗೇಟಿನೊಳಗೇ ರಂಗೋಲಿ ಹಾಕಿ, ಇಲ್ಲವೇ ಸೆರಗು, ದುಪಟ್ಟಾ ಕುತ್ತಿಗೆ ಸುತ್ತ ಹೊದ್ದುಕೊಂಡಿರಿ.

ದಾವಣಗೆರೆ ಕಾಲೇಜುಗಳ ಊರು. ಮೆಡಿಕಲ್, ಡೆಂಟಲ್, ಎಂಜಿನಿಯರಿಂಗ್ ಓದುವ ಹುಡುಗರಿಗೆ, ಹುಡುಗಿಯರಿಗೆ ಫ್ಲಾಟ್ ಬಾಡಿಗೆಗೆ ಕೊಡುವುದು ಸಾಮಾನ್ಯ. ಕರಾರು ಪತ್ರ ಮಾಡಿಸಿ, ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿ ತಗೊಳ್ಳಿ, ಮನೆಯವರ ಫೋನ್ ನಂಬರ್ ಇಟ್ಟುಕೊಳ್ಳಿ, ಠಾಣೆಗೆ ಬಾಡಿಗೆದಾರರ ವಿವರ ಕೊಡಿ. ಅಷ್ಟಾದ ಮೇಲೆ ಅವರನ್ನು ನೆರೆಯವರ ಹಾಗೆ ನೋಡಿ. ಏನಾದರೂ ಕಳೆದ ತಕ್ಷಣ ಮೊದಲು ಹುಡುಗರ ಫ್ಲಾಟ್, ಆಮೇಲೆ ಮನೆಕೆಲಸದವಳ ಚೀಲ ಅನ್ನುವ ಚಾಳಿ ನನಗೆ ಕಂಡರಾಗದು. ದಿನಾ ಸಂಜೆ ಕೆಲಸದವಳ ಚೀಲ ತಡಕುವ ಕಟ್ಟಡಗಳಿವೆ. ಹತ್ತು ವರ್ಷದಿಂದ ನಿಮ್ಮ ಮನೆಯ ಪಾತ್ರೆ ತೊಳೆದವಳು ಅಪರಿಚಿತನೊಬ್ಬ ಮೆಟ್ಟಿಲಲ್ಲಿ ನಿಂತಿದ್ದರೆ ಮೊದಲು ಗುರುತಿಸುವವಳು. ಅವಳು ನಿಮ್ಮ ಕಡೆ ಇರಬೇಕೋ ಬೇಡವೋ?

ಊರಿಗೆ ಹೋಗುವಾಗ

ಯುಗಾದಿ, ದೀಪಾವಳಿ, ಮೇ ತಿಂಗಳ ಮದುವೆಗಳು, ಊರ ಜಾತ್ರೆ. ಕಳ್ಳರಿಗೂ ಈ ಕ್ಯಾಲೆಂಡರ್ ಇದೆ. ಪೇಪರ್, ಹಾಲು ನಿಲ್ಲಿಸಿ. ಬಾಗಿಲ ಮುಂದೆ ಮೂರು ದಿನದ ಪೇಪರ್ ಬಿದ್ದಿದ್ದರೆ, ದಿನಾ ಇರುತ್ತಿದ್ದ ರಂಗೋಲಿ ಇಲ್ಲದಿದ್ದರೆ ಯಾರೂ ಇಲ್ಲ ಅಂತ ಓದಿಕೊಳ್ಳುವ ಕಣ್ಣು ಇರುತ್ತದೆ. ಪಕ್ಕದ ಮನೆಯವರಿಗೆ ಎರಡು ಎಳೆ ಹಾಕಲು ಹೇಳಿ. ಒಂದು ದೀಪ ಟೈಮರ್‌ನಲ್ಲಿ ಸಂಜೆ ಹೊತ್ತಿಕೊಳ್ಳಲಿ, ಹಗಲೂ ರಾತ್ರಿ ಉರಿಯುವ ದೀಪ ಮಾತ್ರ ಬೇಡ. ಬಂಗಾರ ಲಾಕರ್‌ನಲ್ಲಿಡಿ. ತಿರುಪತಿಯ ಫೋಟೋ ವಾಪಸ್ ಬಂದ ಮೇಲೆ ಸ್ಟೇಟಸ್ ಹಾಕಿದರೂ ತಿಮ್ಮಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲ. ಠಾಣೆಗೆ ಒಂದು ಮಾತು ಹೇಳಿ ಹೋದರೆ ಬೀಟ್ ಪೊಲೀಸರು ಆ ಕಡೆ ಬರುವಾಗ ಕಣ್ಣು ಹಾಯಿಸಬಹುದು.

ಒಡವೆಗಳ ಫೋಟೋ, ತೂಕ, ಬಿಲ್ಲು ಮೊಬೈಲಿನಲ್ಲಿ ಅಲ್ಲದೆ ಇನ್ನೊಂದು ಕಡೆಯೂ ಇರಲಿ. ನಮ್ಮ ಮೂರನೇ ಮಹಡಿಯವರು ದೂರು ಬರೆಸುವಾಗ ಸರ ಎಷ್ಟು ಗ್ರಾಂ ಅಂತ ಗಂಡ ಒಂದು ಹೇಳಿದರು, ಹೆಂಡತಿ ಇನ್ನೊಂದು.

ಇನ್ನು ಬಾರ್, ಪಬ್, ಡಿಜೆ ರಾತ್ರಿ

ದಾವಣಗೆರೆಯಲ್ಲಿ ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಥರ ನೈಟ್‌ಕ್ಲಬ್ ಸಾಲು ಇಲ್ಲ. ಇರುವುದು ಬಾರ್ ಅಂಡ್ ರೆಸ್ಟೋರೆಂಟ್, ಲಾಡ್ಜ್, ಮತ್ತೆ ಡಿಸೆಂಬರ್ 31ಕ್ಕೆ ಎಲ್ಲೋ ಒಂದು ಹಾಲ್‌ನಲ್ಲಿ ಡಿಜೆ. ಕಷ್ಟ ಏನೆಂದರೆ ಕೆಳಗೆ ಬಾರ್, ಮೇಲೆ ಮನೆಗಳು ಇರುವ ಕಟ್ಟಡಗಳು ಇವೆ, ಎರಡಕ್ಕೂ ಒಂದೇ ಮೆಟ್ಟಿಲು. ನೀವು ಅಂಥ ಕಡೆ ಇದ್ದರೆ ಮೊದಲ ಕೆಲಸ ಮೆಟ್ಟಿಲು ಬೇರೆ ಮಾಡುವುದು. ಆಗದಿದ್ದರೆ ಮೊದಲ ತಿರುವಿನಲ್ಲೇ ಮನೆಯವರಿಗೆ ಮಾತ್ರ ಕೀ ಇರುವ ಗ್ರಿಲ್ ಗೇಟ್. ಒಳಗಿನಿಂದ ಅದು ಕೀ ಇಲ್ಲದೆ ತೆರೆಯುವ ಹಾಗಿರಬೇಕು.

ನನ್ನ ಗೆಳೆಯರ ಮಾತು ಇದು: "ಜಗಳ ಒಳಗೆ ಶುರು ಆಗುತ್ತದೆ, ಹೊಡೆದಾಟ ಹೊರಗೆ ಆಗುತ್ತದೆ." ಕೊನೆಯ ಅರ್ಧ ಗಂಟೆಯೇ ಅಪಾಯದ್ದು. ಬಾಗಿಲು ಹಾಕುವ ಹೊತ್ತಿಗೆ ಒಂದೇ ಸಲ ಎಲ್ಲರನ್ನೂ ಎಬ್ಬಿಸಿ, ಪಾರ್ಕಿಂಗ್ ದೀಪ ಆರಿಸಿ, ಸಿಬ್ಬಂದಿ ಕ್ಯಾಶ್ ಎಣಿಸಲು ಕೂತರೆ ಕತ್ತಲಲ್ಲಿ ಕುಡಿದವರೇ ಕುಡಿದವರಿಗೆ ಎದುರು. ಅವರು ಈಗ ಮಾಡುವುದು ಉಲ್ಟಾ. ಮುಚ್ಚುವ ಮುಕ್ಕಾಲು ಗಂಟೆ ಮೊದಲೇ ಕೊನೆಯ ಆರ್ಡರ್, ಹಾಡಿನ ಸದ್ದು ಮೆಲ್ಲಗೆ ಇಳಿಕೆ, ಟೇಬಲ್ ಟೇಬಲ್ ಆಗಿ ಬಿಲ್. ಕೊನೆಯ ಬೈಕ್ ಹೋಗುವವರೆಗೂ ಪಾರ್ಕಿಂಗ್‌ನಲ್ಲಿ ದೀಪ, ಇಬ್ಬರು ಜನ. ದಿನದ ದುಡ್ಡು ಒಬ್ಬನೇ ಒಯ್ಯುವುದಿಲ್ಲ, ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಒಯ್ಯುವುದಿಲ್ಲ. ತೂರಾಡುವವನ ಬೈಕಿನ ಕೀ ಇಸಿದುಕೊಂಡು ಆಟೋ ಕರೆಸುವುದಕ್ಕೆ ಮೊದಮೊದಲು ಬೈಗುಳ ತಿಂದರಂತೆ, ಮರುದಿನ ಬೆಳಿಗ್ಗೆ ಕೀ ಕೇಳಲು ಬಂದವರು ತಲೆ ತಗ್ಗಿಸಿಕೊಂಡೇ ಬಂದರಂತೆ. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದವನು ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಅದನ್ನು ಬಾಗಿಲಲ್ಲೇ ದೊಡ್ಡದಾಗಿ ಬರೆಸಿ ಹಾಕಿದ್ದಾರೆ.

ಬಾಗಿಲಲ್ಲಿ ವಯಸ್ಸು ಕೇಳಿ. ನಮ್ಮ ರಾಜ್ಯದ ಅಬಕಾರಿ ನಿಯಮದಲ್ಲಿ 21 ಇದೆ. ಕಾಲೇಜು ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಬೌನ್ಸರ್ ಅಂದರೆ ದಪ್ಪ ತೋಳಿನವನು ಅಂತ ಅಂದುಕೊಂಡವರೇ ಜಾಸ್ತಿ, ಬೇಕಾದದ್ದು ತಣ್ಣನೆಯ ಬಾಯಿ. ಅವನಿಗೆ ಯಾರನ್ನೂ ಹೊಡೆಯುವ ಹಕ್ಕಿಲ್ಲ. ಏಜೆನ್ಸಿಯಿಂದ ಬಂದವನಾದರೆ ಮೇಲೆ ಹೇಳಿದ ಅದೇ ಲೈಸೆನ್ಸ್ ಕಾಯ್ದೆ ಇಲ್ಲೂ ಬರುತ್ತದೆ. ಹೆಣ್ಣುಮಕ್ಕಳು ಬರುವ ಜಾಗವಾದರೆ ಬಾಗಿಲಲ್ಲಿ ಹೆಣ್ಣು ಸಿಬ್ಬಂದಿಯೂ ಇರಲಿ.

ಒಂದೇ ಸಲಕ್ಕೆ 100 ಜನ, ಅಥವಾ ದಿನಕ್ಕೆ 500 ಜನ ಸೇರುವ ಜಾಗಕ್ಕೆ ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಕ್ಯಾಮೆರಾ ಕಡ್ಡಾಯ, ರೆಕಾರ್ಡಿಂಗ್ 30 ದಿನ ಉಳಿಸಬೇಕು. ಕಲ್ಯಾಣಮಂಟಪಕ್ಕೂ ಅನ್ವಯ ಆಗುತ್ತದೆ. ಹಾರ್ಡ್ ಡಿಸ್ಕ್ ಲೆಕ್ಕ ಮೇಲೆ ಕೊಟ್ಟಿದ್ದೇನೆ, ಇನ್ನೊಮ್ಮೆ ನೋಡಿ.

ಜನ ತುಂಬಿದ ರಾತ್ರಿ ಎಷ್ಟು ಜನ ಒಳಗಿದ್ದಾರೆ ಅಂತ ಬಾಗಿಲಲ್ಲಿ ಒಬ್ಬ ಎಣಿಸಲಿ, ಇಬ್ಬರು ಹೊರಗೆ ಹೋದರೆ ಇಬ್ಬರು ಒಳಗೆ. ಹಿಂದಿನ ಬಾಗಿಲಿಗೆ ಬಿಯರ್ ಕ್ರೇಟ್ ಜೋಡಿಸಿಡುವುದು ನಮ್ಮ ಕಡೆಯ ರೂಢಿ, ಅದನ್ನು ಇವತ್ತೇ ತೆಗೆಸಿ. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್ ಆವರಣದ ಪಬ್‌ಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತರು, ಎಷ್ಟೋ ಜನ ದಾರಿ ಕಾಣದೆ ಶೌಚಾಲಯದಲ್ಲಿ ಹೊಗೆಗೆ ಉಸಿರುಕಟ್ಟಿ ಹೋದವರು.

ಆಗಿಯೇ ಹೋದರೆ

ಮುರಿದ ಬಾಗಿಲು ಕಂಡರೆ ಒಳಗೆ ಹೋಗಬೇಡಿ, ಕಳ್ಳ ಇನ್ನೂ ಒಳಗೇ ಇರಬಹುದು. 112ಕ್ಕೆ ಫೋನ್ ಮಾಡಿ. ಬೀರು, ಬಾಗಿಲು, ಸ್ವಿಚ್ ಮುಟ್ಟಬೇಡಿ, ಬೆರಳಚ್ಚು ಬೇಕಾಗುತ್ತದೆ. ನಮ್ಮಲ್ಲಿ ಪೊಲೀಸರು ಬರುವ ಮೊದಲೇ ಹನ್ನೆರಡು ಜನ ಬೀರು ಮುಟ್ಟಿ ನೋಡಿ "ಅಯ್ಯೋ" ಅಂದಿದ್ದರು, ಅದರಲ್ಲಿ ನಾನೂ ಒಬ್ಬ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ತಗೊಳ್ಳಿ. ಮೊಬೈಲ್ ಹೋಗಿದ್ದರೆ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಫೋನಿನ ಐಎಂಇಐ (ಪ್ರತಿ ಫೋನಿಗೂ ಬೇರೆ ಇರುವ ಗುರುತಿನ) ನಂಬರ್ ಹಾಕಿ ಬ್ಲಾಕ್ ಮಾಡಿಸಿ.

ಯಾರಾದರೂ ಸಿಕ್ಕಿಬಿದ್ದರೆ ಕಂಬಕ್ಕೆ ಕಟ್ಟಿ ಹೊಡೆಯುವ ಉತ್ಸಾಹ ಬೇಡ. ಕೇಸ್ ನಿಮ್ಮ ಮೇಲೇ ಬೀಳುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಮಾಡುತ್ತಿರುವಾಗಲೇ ಸಿಕ್ಕಿದವನನ್ನು ಜನ ಹಿಡಿದರೆ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು.

ಫೂಟೇಜನ್ನು ಅವತ್ತೇ ಪೆನ್ ಡ್ರೈವ್‌ಗೆ ಇಳಿಸಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕಾಗುತ್ತದೆ, ಪೊಲೀಸರು ನಮೂನೆ ಕೊಡುತ್ತಾರೆ. ಡಿವಿಆರ್ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಅಂತಲೂ ಅವತ್ತೇ ಬರೆದಿಟ್ಟುಕೊಳ್ಳಿ. ನಮ್ಮದು ಅವತ್ತು 47 ನಿಮಿಷ ಹಿಂದಿತ್ತು. ಈಗ ಪ್ರತಿ ತಿಂಗಳು ಒಂದನೇ ತಾರೀಖು ಮೆಂಟೆನೆನ್ಸ್ ದುಡ್ಡು ಕೇಳಲು ಹೊರಡುವ ಮೊದಲು ನಾನು ಎರಡು ಕೆಲಸ ಮಾಡುತ್ತೇನೆ: ಆ ಗಡಿಯಾರ ನೋಡುತ್ತೇನೆ, 30 ದಿನ ಹಿಂದಿನ ಒಂದು ತುಣುಕು ತೆಗೆದು ನೋಡುತ್ತೇನೆ. ಹೋದ ಸಲ ಸಿಕ್ಕಿದ ತುಣುಕಿನಲ್ಲಿ ಮಧ್ಯಾಹ್ನ ಎರಡೂವರೆ. ಗೇಟ್ ಮುಚ್ಚಿದೆ, ಕುರ್ಚಿಯಲ್ಲಿ ಮೇಷ್ಟ್ರು, ಮುಖದ ಮೇಲೆ ಪೇಪರ್. ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಮಾತಾಡಬೇಕು.